ಪಿಂಗಾಣಿ ಮೊದಲು, ಚಹಾ ಆಮೇಲೆ: ಹಳೆಯ ಚೀನೀ ಪಾತ್ರೆಗಳನ್ನು ಅರಿಯುವ ಬಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಹಳೆಯ ಮನೆಗಳ ನಾಗೊಂದಿಗೆಯ ಮೇಲೆ, ಗೋಡೆಯ ಮಾಡದಲ್ಲಿ, ಬಳಸದೆ ಎತ್ತಿಟ್ಟ ಒಂದಿಷ್ಟು ಪಿಂಗಾಣಿ ಸಿಗುತ್ತದೆ: ನೀಲಿ ಹೂವಿನ ಬಟ್ಟಲು, ಚಿನ್ನದ ಅಂಚಿನ ಕಪ್ಪು-ಬಸಿ, ಉಪ್ಪಿನಕಾಯಿ ಭರಣಿ. ಚೀನಾದ ಹಳೆಯ ಪಾತ್ರೆಯೊಂದು ಹರಾಜಿನಲ್ಲಿ ಕೋಟಿಗಟ್ಟಲೆಗೆ ಹೋಯಿತೆಂಬ ಸುದ್ದಿ ಮೊಬೈಲಿನಲ್ಲಿ ಬಂದಾಗಲೆಲ್ಲ ಇವು ಕೆಳಗಿಳಿಯುತ್ತವೆ. ಆಗ ಏಳುವ ಪ್ರಶ್ನೆಗಳು ಎರಡೇ: ಇದು ಎಷ್ಟು ಹಳೆಯದು, ಎಷ್ಟು ಬೆಲೆ ಬಾಳುತ್ತದೆ? ಈ ಎರಡಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಪಾತ್ರೆಯಲ್ಲಿ ಯಾರು, ಯಾವ ಚಹಾವನ್ನು, ಹೇಗೆ ಕುಡಿಯುತ್ತಿದ್ದರು? ಅಥವಾ ಇದು ಚಹಾಕ್ಕೆ ಸಂಬಂಧಿಸಿದ್ದೇ ಅಲ್ಲವೇ? ಚೀನಾದ ಹಳೆಯ ಪಾತ್ರೆಗಳನ್ನೆಲ್ಲ ಚಹಾ ಪಾತ್ರೆಗಳೆಂದು ಕರೆದುಬಿಡುವ ರೂಢಿ ಈಗ ಬೆಳೆದಿದೆ. ಈ ಸೀಮೆಯ ಇತಿಹಾಸವನ್ನು ನೋಡಿದರೆ ಆ ರೂಢಿ ತಪ್ಪೆಂದು ಸ್ಪಷ್ಟವಾಗುತ್ತದೆ. ಇಲ್ಲಿಗೆ ಚೀನೀ ಪಿಂಗಾಣಿ ವಿಜಯನಗರದ ಕಾಲಕ್ಕೇ ಬಂದಿತ್ತು, ಚಹಾ ಮನೆಮಾತಾದದ್ದು 20ನೇ ಶತಮಾನದಲ್ಲಿ. ನಡುವಿನ ಈ ಶತಮಾನಗಳ ಅಂತರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಪಾತ್ರೆಯನ್ನು ಗುರುತಿಸುವ, ಕೊಳ್ಳುವ, ಬಳಸುವ, ಕಾಪಾಡುವ ಕೆಲಸಗಳೆಲ್ಲ ಸುಲಭವಾಗುತ್ತವೆ, ಮೋಸಹೋಗುವ ಸಂಭವವೂ ಕಡಿಮೆಯಾಗುತ್ತದೆ.

ಚಹಾ ಬದಲಾದಂತೆ ಪಾತ್ರೆ ಬದಲಾಯಿತು

ಚೀನಾದಲ್ಲಿ ಚಹಾ ಕುಡಿಯುವ ಪದ್ಧತಿ ಕನಿಷ್ಠ ಮೂರು ಬಾರಿ ಬುಡದಿಂದಲೇ ಬದಲಾಗಿದೆ. ಟಾಂಗ್ ರಾಜವಂಶದ ಕಾಲದಲ್ಲಿ, ಅಂದರೆ 7ರಿಂದ 10ನೇ ಶತಮಾನದ ಆರಂಭದವರೆಗೆ, ಎಲೆಯನ್ನು ಅಚ್ಚುಕಟ್ಟಿ ಒಣಗಿಸಿದ ಬಿಲ್ಲೆಗಳಿಂದ ಚಹಾ ತಯಾರಾಗುತ್ತಿತ್ತು. ಬಿಲ್ಲೆಯನ್ನು ಸುಟ್ಟು, ಪುಡಿ ಮಾಡಿ, ಕುದಿಯುವ ನೀರಿಗೆ ಹಾಕುತ್ತಿದ್ದರು. 8ನೇ ಶತಮಾನದಲ್ಲಿ ಚಹಾ ಕುರಿತು 'ಚಾ ಜಿಂಗ್' ಎಂಬ ಗ್ರಂಥ ಬರೆದ ಲು ಯು, ಬಟ್ಟಲಿನ ಬಣ್ಣ ಚಹಾದ ಬಣ್ಣವನ್ನು ಹೇಗೆ ಬದಲಿಸುತ್ತದೆ ಎಂದು ಹೋಲಿಸಿ ನೋಡಿದ. ಶಿಂಗ್ ಆವಿಗೆಗಳ ಬೆಳ್ಳನೆಯ ಬಟ್ಟಲಿನಲ್ಲಿ ಚಹಾ ಕೆಂಪಾಗಿ ಕಾಣುತ್ತದೆ, ಯುಯೆ ಆವಿಗೆಗಳ ಹಸಿರು ಛಾಯೆಯ ಬಟ್ಟಲಿನಲ್ಲಿ ಹಸಿರಾಗಿ ಕಾಣುತ್ತದೆ ಎಂಬ ಕಾರಣಕ್ಕೆ ಅವನು ಯುಯೆ ಬಟ್ಟಲನ್ನು ಮೇಲೆಂದ. ಸಾಂಗ್ ರಾಜವಂಶದ ಕಾಲಕ್ಕೆ ಪದ್ಧತಿ ಬೇರೆಯಾಯಿತು. ನುಣ್ಣನೆಯ ಪುಡಿಯನ್ನು ಬಟ್ಟಲಿಗೇ ಹಾಕಿ, ಬಿಸಿನೀರು ಹೊಯ್ದು, ಬಿದಿರಿನ ಕಡ್ಡಿಗಳ ಕುಂಚದಿಂದ ಕಡೆದು ಬಿಳಿ ನೊರೆ ಎಬ್ಬಿಸುತ್ತಿದ್ದರು. ಬಿಳಿ ನೊರೆ ಎದ್ದು ಕಾಣಲು ಕಪ್ಪು ಬಟ್ಟಲು ಬೇಕಾಯಿತು. ಫುಜಿಯಾನ್ ಪ್ರಾಂತದ ಜಿಯಾನ್ ಆವಿಗೆಗಳಲ್ಲಿ ಬೆಂದ ದಪ್ಪ ಗೋಡೆಯ ಕಪ್ಪು ಬಟ್ಟಲುಗಳನ್ನು 11ನೇ ಶತಮಾನದ ಅಧಿಕಾರಿ ತ್ಸಾಯ್ ಶಿಯಾಂಗ್ ಹೊಗಳಿದ್ದು ಎರಡು ಕಾರಣಕ್ಕೆ: ನೊರೆ ಚೆನ್ನಾಗಿ ಕಾಣುತ್ತದೆ, ಬಿಸಿ ಬೇಗ ಆರುವುದಿಲ್ಲ.

ಮೂರನೆಯ ಬದಲಾವಣೆಗೆ ಖಚಿತ ವರ್ಷವೇ ಇದೆ. ಮಿಂಗ್ ವಂಶದ ಮೊದಲ ಸಾಮ್ರಾಟ ಹಾಂಗ್‌ವು 1391ರಲ್ಲಿ ಅರಮನೆಗೆ ಬಿಲ್ಲೆ ಚಹಾದ ಕಪ್ಪ ಸಲ್ಲಿಸುವುದನ್ನು ನಿಲ್ಲಿಸಿ, ಬಿಡಿ ಎಲೆಯನ್ನೇ ಕಳಿಸುವಂತೆ ಆಜ್ಞೆ ಮಾಡಿದ. ಬಿಲ್ಲೆ ತಯಾರಿಸುವ ಶ್ರಮ ಜನರಿಗೆ ಹೊರೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಬಿಡಿ ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಸಿಯಬೇಕು. ಅದಕ್ಕೆ ಮೂತಿಯುಳ್ಳ ಟೀಪಾಟ್ ಬೇಕಾಯಿತು. ಜಿಯಾಂಗ್ಸು ಪ್ರಾಂತದ ಯಿಶಿಂಗ್ ಊರಿನ ಕಂದು-ನೇರಳೆ ಮಣ್ಣಿನ ಟೀಪಾಟ್‌ಗಳು ಹೆಸರಾದದ್ದು ಆಮೇಲೆಯೇ. ವು ಜಿಂಗ್ ಎಂಬ ಅರಮನೆಯ ಅಧಿಕಾರಿಯ 1533ರ ಸಮಾಧಿಯಲ್ಲಿ ಸಿಕ್ಕ ಟೀಪಾಟ್ ಕಾಲ ನಿಶ್ಚಿತವಾಗಿರುವ ಯಿಶಿಂಗ್ ಪಾತ್ರೆಗಳಲ್ಲಿ ಬಹಳ ಹಳೆಯದು. ಮುಚ್ಚಳ, ಬಟ್ಟಲು, ಅಡಿತಟ್ಟೆ ಮೂರೂ ಸೇರಿದ ಗಾಯ್‌ವಾನ್, ದಕ್ಷಿಣದ ಫುಜಿಯಾನ್ ಮತ್ತು ಚಾವೋಜೌ ಕಡೆ ಊಲಾಂಗ್ ಚಹಾಕ್ಕೆ ಬಳಸುವ ಎರಡು ಗುಟುಕಿನ ಪುಟ್ಟ ಬಟ್ಟಲು, ಇವೆಲ್ಲ ಎಲೆ ನೆನೆಸುವ ಪದ್ಧತಿಯ ಮಕ್ಕಳು. ಇದರಿಂದ ಓದುಗರಿಗೆ ಕೂಡಲೇ ಉಪಯೋಗಕ್ಕೆ ಬರುವ ಒಂದು ಸೂತ್ರ ಸಿಗುತ್ತದೆ. ಯಾರಾದರೂ ಟಾಂಗ್ ಕಾಲದ ಟೀಪಾಟ್ ಎಂದು ಏನನ್ನಾದರೂ ತೋರಿಸಿದರೆ ಆ ಮಾತು ನಿಲ್ಲುವುದಿಲ್ಲ. ಆ ಕಾಲದ ಮೂತಿಯುಳ್ಳ ಹೂಜಿಗಳು ಬಿಸಿನೀರಿಗೋ ಮದ್ಯಕ್ಕೋ ಇದ್ದವು. ಎಲೆ ನೆನೆಸುವ ಟೀಪಾಟ್‌ಗೆ ಆಗ ಕೆಲಸವೇ ಇರಲಿಲ್ಲ.

ತುಂಗಭದ್ರೆಯ ದಂಡೆಗೆ ಬಂದ ಪಿಂಗಾಣಿ

ವಿಜಯನಗರದ ರಾಜಧಾನಿಯಾಗಿದ್ದ ಹಂಪಿಯ ಪ್ರದೇಶ ಹೊಳೆಯ ಆಚೆಗೂ ಚಾಚಿಕೊಂಡಿತ್ತು. ಗಂಗಾವತಿ ತಾಲ್ಲೂಕಿನ ಆನೆಗೊಂದಿ ಅದರ ಮೂಲನೆಲೆಗಳಲ್ಲೊಂದು. ಹಂಪಿಯ ಅರಮನೆ ಆವರಣದ ಸಮೀಪ ಅಧಿಕಾರಿಗಳ ವಸತಿ ಇದ್ದ ಭಾಗದಲ್ಲಿ ನಡೆದ ಉತ್ಖನನಗಳಲ್ಲಿ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಉತ್ಖನನದಲ್ಲಿ ದೊರೆತ ಗಾರೆಯ ಶಿಲ್ಪ, ಕಬ್ಬಿಣದ ಸಾಮಾನುಗಳ ಜೊತೆ ಪಿಂಗಾಣಿಯನ್ನೂ ಕಮಲಾಪುರದ ಪುರಾತತ್ವ ವಸ್ತು ಸಂಗ್ರಹಾಲಯದಲ್ಲಿ ಇಡಲಾಗಿದೆ. 1336ರಿಂದ 1565ರವರೆಗಿನ ವಿಜಯನಗರಕ್ಕೆ ಪಶ್ಚಿಮ ಕರಾವಳಿಯ ಬಂದರುಗಳು ತೆರೆದಿದ್ದವು. ಅದೇ ಅವಧಿಯಲ್ಲಿ, 1405ರಿಂದ 1433ರವರೆಗೆ, ಚೀನಾದ ಝೆಂಗ್ ಹೆ ನೇತೃತ್ವದ ಹಡಗು ಪಡೆಗಳು ಕಲ್ಲಿಕೋಟೆಗೆ ಬಂದುಹೋದವು. ಹೀಗಿರುವಾಗ ಚೀನಾದ ಜಿಂಗ್‌ಡೆಝೆನ್ ಆವಿಗೆಗಳ ನೀಲಿ-ಬಿಳಿ ಪಾತ್ರೆ ತುಂಗಭದ್ರೆಯ ದಂಡೆಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರೊಳಗೆ ಏನಿತ್ತು ಎಂಬುದೇ ಇಲ್ಲಿಯ ಪ್ರಶ್ನೆ.

ಚಹಾ ಇರಲಿಲ್ಲ ಎನ್ನಲು ಬಲವಾದ ಸೂಚನೆಗಳಿವೆ. ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಾಗ ತನಗೆ ಸಂದ ಸತ್ಕಾರವನ್ನು ಬರೆದಿಟ್ಟಿದ್ದಾನೆ. ರಾಜನಿಂದ ಅವನಿಗೆ ಸಿಕ್ಕದ್ದು ವೀಳ್ಯ, ಕರ್ಪೂರ ಮತ್ತು ಹಣದ ಚೀಲ. ಅತಿಥಿಯ ಗೌರವ ವೀಳ್ಯದಲ್ಲಿತ್ತು; ವೀಳ್ಯದ ಗುಣವನ್ನೂ ಅವನು ವಿವರವಾಗಿ ಹೊಗಳುತ್ತಾನೆ. ಇನ್ನೊಂದು ಸಾಕ್ಷ್ಯ ಮಣ್ಣಿನದು. ಪುರಾತತ್ವಜ್ಞೆ ಕಾರ್ಲಾ ಸಿನೊಪೊಲಿ ವಿಜಯನಗರದ ಮಡಕೆ ಕುಡಿಕೆಗಳನ್ನು ಅಧ್ಯಯನ ಮಾಡಿ 1993ರಲ್ಲಿ ಪುಸ್ತಕ ಪ್ರಕಟಿಸಿದರು. ಆ ಅಧಿಕಾರಿ ವಸತಿಗಳಲ್ಲೂ ನಿತ್ಯದ ಅಡುಗೆಗೆ, ನೀರು ತುಂಬಿಡಲು ಬಳಕೆಯಾದದ್ದು ಸ್ಥಳೀಯ ಕುಂಬಾರರ ಮಡಕೆಗಳೇ. ಪಿಂಗಾಣಿ ದೂರದಿಂದ ಬಂದ ಅಪರೂಪದ ವಸ್ತುವಾಗಿತ್ತು. ಅದರಲ್ಲಿ ಬಡಿಸುತ್ತಿದ್ದರೋ, ಪ್ರದರ್ಶನಕ್ಕಿಡುತ್ತಿದ್ದರೋ, ಉಡುಗೊರೆಯಾಗಿ ಕೊಡುತ್ತಿದ್ದರೋ, ಪ್ರತಿ ಚೂರು ಸಿಕ್ಕ ಜಾಗ ಮತ್ತು ಪದರವೇ ಹೇಳಬೇಕು. ಹಂಪಿಯ ಬಳಿಕ ಈ ಸೀಮೆಯ ಮೇಲೆ ಅಧಿಕಾರ ನಡೆಸಿದ ವಿಜಯಪುರದ ಆದಿಲ್‌ಶಾಹಿಗಳೂ ಚೀನೀ ಪಿಂಗಾಣಿಯನ್ನು ಅಮೂಲ್ಯವೆಂದು ಕೂಡಿಟ್ಟವರು. ಗೋಳಗುಮ್ಮಟದ ನಗಾರಖಾನೆಯಲ್ಲಿರುವ ವಸ್ತು ಸಂಗ್ರಹಾಲಯದಲ್ಲಿ ಅದರ ಕುರುಹು ಇದೆ. ಅಲ್ಲಿಯೂ ಅದು ಅರಮನೆಯ ಸಂಪತ್ತು, ಚಹಾದ ಸಲಕರಣೆಯಲ್ಲ.

ವಿಜಯನಗರದಲ್ಲಿ ಚಹಾ ಇರಲಿಲ್ಲ ಎಂಬ ಈ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ಸಮುದ್ರದಿಂದ ಎದ್ದದ್ದು. ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ 1998ರಲ್ಲಿ ಪತ್ತೆಯಾದ 9ನೇ ಶತಮಾನದ ಹಡಗಿನಲ್ಲಿ ಸುಮಾರು 60,000 ಚೀನೀ ಪಾತ್ರೆಗಳಿದ್ದವು. ಹೆಚ್ಚಿನವು ಹುನಾನ್‌ನ ಚಾಂಗ್ಶಾ ಬಟ್ಟಲುಗಳು. ಅವುಗಳಲ್ಲೊಂದರ ಮೇಲೆ ಅದು ಚಹಾ ಬಟ್ಟಲೆಂದೇ ಬರೆದಿದೆ. ಹಿಂದೂ ಮಹಾಸಾಗರದ ದಾರಿಯಲ್ಲಿ ಅಷ್ಟು ಹಿಂದೆಯೇ ಚಹಾ ಬಟ್ಟಲು ಸಾಗಿರುವಾಗ ವಿಜಯನಗರಕ್ಕೆ ಯಾಕೆ ಬರಬಾರದು ಎಂದು ಕೇಳಬಹುದು. ಬಂದಿರಬಹುದು. ಆದರೆ ಬಟ್ಟಲಿನ ಮೇಲಿನ ಬರಹ ಕುಂಬಾರನ ಉದ್ದೇಶವನ್ನು ಹೇಳುತ್ತದೆ, ಕೊಂಡವರ ಬಳಕೆಯನ್ನು ಹೇಳುವುದಿಲ್ಲ. ಪಶ್ಚಿಮ ಏಷ್ಯಾದ ಕಡೆ ಹೊರಟಿದ್ದ ಆ ಸರಕು ಅಲ್ಲಿ ಊಟದ, ಪಾನಕದ ಬಟ್ಟಲಾಗಲು ಯಾವ ಅಡ್ಡಿಯೂ ಇರಲಿಲ್ಲ. ಎರಡನೆಯ ಆಕ್ಷೇಪ ಸೂರತ್ತಿನದು. 1638ರಲ್ಲಿ ಅಲ್ಲಿದ್ದ ಜರ್ಮನ್ ಪ್ರವಾಸಿ ಮಾಂಡೆಲ್ಸ್ಲೊ, 1689ರಲ್ಲಿ ಬಂದ ಪಾದ್ರಿ ಓವಿಂಗ್ಟನ್ ಇಬ್ಬರೂ ಚಹಾ ಕುಡಿಯುವುದನ್ನು ದಾಖಲಿಸಿದ್ದಾರೆ. ಮಸಾಲೆ, ಸಕ್ಕರೆ, ನಿಂಬೆ ಬೆರೆಸಿ ಔಷಧಿಯಂತೆ ಕುಡಿಯುತ್ತಿದ್ದರೆಂಬ ವಿವರವೂ ಓವಿಂಗ್ಟನ್ನನ ಬರಹದಲ್ಲಿದೆ. ಇದು ನಿಜ, ಮುಖ್ಯವೂ ಹೌದು. ಆದರೆ ಅದು ಡಚ್ಚರೂ ಇಂಗ್ಲಿಷರೂ ನೆರೆದಿದ್ದ ಬಂದರಿನ ಬದುಕು, ವಿಜಯನಗರ ಅಳಿದು ಹಲವು ತಲೆಮಾರು ಕಳೆದ ಮೇಲಿನದು. ಬಂದರಿನ ಅಭ್ಯಾಸ ಒಳನಾಡಿನ ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳವರೆಗೆ ಹಬ್ಬಿತ್ತೆನ್ನಲು ಅದೊಂದೇ ಸಾಲದು.

ಚಹಾ ಮತ್ತು ಪಿಂಗಾಣಿ ಜೊತೆಜೊತೆಗೇ ಸಾಗತೊಡಗಿದ ಕಾಲವನ್ನು ನೋಡಬೇಕೆಂದರೆ 18ನೇ ಶತಮಾನದಲ್ಲಿ ಚೀನಾದ ಕ್ಯಾಂಟನ್ ಬಂದರಿನಲ್ಲಿ ನಡೆದ ವ್ಯಾಪಾರದ ಕಡೆ ತಿರುಗಬೇಕು. ಅಲ್ಲಿಂದ ಹಾಲೆಂಡಿಗೆ ಹೊರಟು 1752ರ ಜನವರಿಯಲ್ಲಿ ಮುಳುಗಿದ ಗೆಲ್ಡರ್‌ಮಾಲ್ಸನ್ ಹಡಗಿನಿಂದ 1985ರಲ್ಲಿ ಲಕ್ಷಕ್ಕೂ ಮಿಕ್ಕಿ ಪಿಂಗಾಣಿ ಪಾತ್ರೆಗಳನ್ನು ಮೇಲೆತ್ತಲಾಯಿತು. ಆ ಹಡಗಿನ ಮುಖ್ಯ ಸರಕು ಚಹಾ. ನೀರು ತಾಕಿದರೂ ಕೆಡದ, ಭಾರವಾದ ಪಿಂಗಾಣಿಯನ್ನು ಅಡಿಯಲ್ಲಿಟ್ಟು ಮೇಲೆ ಚಹಾದ ಪೆಟ್ಟಿಗೆಗಳನ್ನು ಪೇರಿಸುತ್ತಿದ್ದರು. ಚಹಾ ಕಲಿತ ಯುರೋಪು ಅದರ ಪಾತ್ರೆಯನ್ನೂ ತರಿಸಿಕೊಂಡಿತು. ತನ್ನದೇ ಗಟ್ಟಿ ಪಿಂಗಾಣಿಯನ್ನು ಜರ್ಮನಿಯ ಮೈಸೆನ್‌ನಲ್ಲಿ 1710ರಿಂದ ಮಾಡತೊಡಗಿತು, ಬಟ್ಟಲಿಗೆ ಹಿಡಿಕೆ ಸೇರಿಸಿತು. ನಮ್ಮ ಊರುಗಳಿಗೆ ಚಹಾ ಬಂದದ್ದು ಈ ಯುರೋಪಿನ ದಾರಿಯಿಂದ, ಹಿಡಿಕೆಯುಳ್ಳ ಕಪ್ಪಿನೊಂದಿಗೆ.

ಜಹಗೀರಿನ ನಂಟು

ಕೊಪ್ಪಳ ಮತ್ತು ಯಲಬುರ್ಗಾ ನಿಜಾಮರ ರಾಜ್ಯದಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿದ್ದವು. ಆ ಮನೆತನದ ಮೀರ್ ಯೂಸುಫ್ ಅಲಿ ಖಾನ್, ಮೂರನೆಯ ಸಾಲಾರ್ ಜಂಗ್, 1949ರಲ್ಲಿ ತೀರಿಕೊಳ್ಳುವವರೆಗೂ ಜೀವಮಾನವಿಡೀ ಕಲಾವಸ್ತುಗಳನ್ನು ಕೂಡಿಸಿದರು. 1951ರಲ್ಲಿ ಸಾರ್ವಜನಿಕರಿಗೆ ತೆರೆದ ಹೈದರಾಬಾದಿನ ಸಾಲಾರ್ ಜಂಗ್ ವಸ್ತು ಸಂಗ್ರಹಾಲಯ ಅವರ ಸಂಗ್ರಹದಿಂದಲೇ ಹುಟ್ಟಿದ್ದು. ಅದರ ಪೂರ್ವದೇಶಗಳ ವಿಭಾಗದಲ್ಲಿ ಚೀನಾದ ಹಸಿರು ಸೆಲಡಾನ್, ನೀಲಿ-ಬಿಳಿ ಪಾತ್ರೆ, ಬಣ್ಣದ ಪಿಂಗಾಣಿಗಳ ಜೊತೆ ಜಪಾನಿನ ಪಾತ್ರೆಗಳೂ ಇವೆ. ಜಹಗೀರಿನ ಹುಟ್ಟುವಳಿಯೇ ಮನೆತನದ ಆದಾಯವಾಗಿದ್ದ ಕಾಲ ಅದು. ಆದ್ದರಿಂದ ಕೊಪ್ಪಳ, ಯಲಬುರ್ಗಾದ ರೈತರು ತೆತ್ತ ಕಂದಾಯಕ್ಕೂ ಆ ಸಂಗ್ರಹಕ್ಕೂ ನಂಟಿದೆ ಎಂದು ತರ್ಕಿಸುವುದು ನ್ಯಾಯವಾಗಿದೆ. ಈ ಜಿಲ್ಲೆಯವರು ಅದನ್ನು ಪರವೂರಿನ ಸಿರಿಯೆಂದು ನೋಡದೆ ತಮ್ಮ ಚರಿತ್ರೆಯ ಒಂದು ಭಾಗವೆಂದು ನೋಡಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಸೆಲಡಾನ್ ತಟ್ಟೆಗಳ ಸುತ್ತ ಒಂದು ನಂಬಿಕೆ ದಖ್ಖನಿನಲ್ಲಿ ಬಹುಕಾಲ ಬಾಳಿತು. ವಿಷ ಬೆರೆತ ಆಹಾರ ಬಡಿಸಿದರೆ ಆ ತಟ್ಟೆ ಬಣ್ಣ ಬದಲಿಸುತ್ತದೆ ಅಥವಾ ಸೀಳುತ್ತದೆ ಎಂಬುದು ಆ ನಂಬಿಕೆ. ಸೆಲಡಾನ್‌ನ ಹಸಿರು ಬಂದಿರುವುದು ಅದರ ಮೇಲಿನ ಗಾಜಿನಂಥ ಹೊದಿಕೆಯಲ್ಲಿರುವ ಕಬ್ಬಿಣದ ಅಂಶದಿಂದ. ಗಾಳಿ ಕಡಿಮೆಯಿರುವ ಆವಿಗೆಯಲ್ಲಿ ಬೆಂದಾಗ ಅದು ಹಸಿರಾಗುತ್ತದೆ. ಬೆಂದು ಗಟ್ಟಿಯಾದ ಆ ಹೊದಿಕೆಗೆ ವಿಷವನ್ನು ಗುರುತಿಸುವ ಯಾವ ಗುಣವೂ ಇಲ್ಲ. ಆದರೂ ಈ ನಂಬಿಕೆಯಿಂದ ನಾವು ಕಲಿಯುವುದೊಂದಿದೆ: ದಖ್ಖನಿನ ದೊರೆಮನೆಗಳಲ್ಲಿ ಚೀನೀ ಪಾತ್ರೆಯ ನೆಲೆ ಊಟದ ಪಂಕ್ತಿಯಲ್ಲಿತ್ತು, ಅದರ ಬೆಲೆಯನ್ನು ಕಟ್ಟಿದ್ದು ಚಹಾ ಸಂಸ್ಕೃತಿಯಲ್ಲ.

ನಮ್ಮ ಚಹಾ, ನಮ್ಮ ಕಪ್ಪು-ಬಸಿ

ಭಾರತದಲ್ಲಿ ಚಹಾವನ್ನು ಜನರ ಪಾನೀಯವಾಗಿಸಿದ್ದು ತೋಟದ ಉದ್ಯಮ. 1903ರ ಟೀ ಸೆಸ್ ಕಾಯ್ದೆಯಡಿ ರಫ್ತಿನ ಮೇಲೆ ವಿಧಿಸಿದ ಸುಂಕದ ಹಣ ಪ್ರಚಾರಕ್ಕೆ ಹೋಗುತ್ತಿತ್ತು. ಜಾಗತಿಕ ಆರ್ಥಿಕ ಕುಸಿತದಿಂದ ರಫ್ತು ಸೊರಗಿದ 1930ರ ದಶಕದಲ್ಲಿ ಆ ಪ್ರಚಾರ ದೇಶದೊಳಗಿನ ಪೇಟೆಗಳ ಕಡೆ ಬಲವಾಗಿ ತಿರುಗಿತು. ಅದೇ ದಶಕದಲ್ಲಿ ಅಸ್ಸಾಮಿನಲ್ಲಿ ಬಳಕೆಗೆ ಬಂದ ಸಿಟಿಸಿ ಯಂತ್ರ, ಎಲೆಯನ್ನು ಅರೆದು, ಹರಿದು, ಸುರುಳಿ ಮಾಡಿ ಸಣ್ಣ ಕಾಳಾಗಿಸುತ್ತದೆ. ಆ ಪುಡಿ ಬೇಗ ಬಣ್ಣ ಬಿಡುತ್ತದೆ, ಹಾಲು-ಸಕ್ಕರೆಯನ್ನು ತಾಳಿಕೊಳ್ಳುತ್ತದೆ, ಕಡಿಮೆ ಪುಡಿಯಲ್ಲಿ ಹೆಚ್ಚು ಕಪ್ಪು ಕೊಡುತ್ತದೆ. ಕೊಪ್ಪಳದ ಬಸ್ ನಿಲ್ದಾಣದಲ್ಲಿ ಮಿರ್ಚಿ-ಮಂಡಕ್ಕಿಯ ಜೊತೆ ಕುಡಿಯುವ ಚಹಾ ಈ ಕವಲಿನದು. ಚೀನಾದ ಹಳೆಯ ಯಾವ ಪಾತ್ರೆಯೂ ಇಂಥ ಹಾಲುಚಹಾಕ್ಕೆಂದು ಹುಟ್ಟಿದ್ದಲ್ಲ. ಎಲೆಯನ್ನು ನೆನೆಸುವ ಯಿಶಿಂಗ್ ಟೀಪಾಟ್ ಸಿಟಿಸಿಯ ಸಣ್ಣ ಕಾಳಿನಿಂದ ಕಟ್ಟಿಕೊಳ್ಳುತ್ತದೆ. ಹೊಳಪಿನ ಹೊದಿಕೆಯಿಲ್ಲದ ಅದರ ಮಣ್ಣು ಹಾಲಿನ ಕೊಬ್ಬನ್ನೂ ವಾಸನೆಯನ್ನೂ ಹೀರುತ್ತದೆ. ಕುದಿಸಲು ಲೋಹದ ಪಾತ್ರೆ, ಸುರಿಯಲು ಕೆಟ್ಲಿ, ಕುಡಿಯಲು ಗಾಜಿನ ಗ್ಲಾಸು ಅಥವಾ ಕಪ್ಪು-ಬಸಿ: ನಮ್ಮ ಪದ್ಧತಿ ತನಗೆ ಬೇಕಾದ ಪಾತ್ರೆಗಳನ್ನು ತಾನೇ ಆರಿಸಿಕೊಂಡಿದೆ.

ಬಸಿಗೆ ಸುರಿದು ಕುಡಿಯುವುದನ್ನು ಹಳ್ಳಿಯ ರೂಢಿಯೆಂದು ಕೀಳಾಗಿ ನೋಡುವವರಿದ್ದಾರೆ. 18ನೇ ಶತಮಾನದ ಯುರೋಪಿನಲ್ಲೂ ಅದೇ ರೂಢಿ ಇತ್ತು. ಆಗಿನ ಬಸಿಗಳು ಇಂದಿನವುಗಳಿಗಿಂತ ಆಳವಾಗಿದ್ದವು, ಬಿಸಿ ಚಹಾ ಆರಿಸಲು ಅನುಕೂಲವಾಗಿದ್ದವು. ಮನೆಯಲ್ಲಿ ಉಳಿದ ಹಳೆಯ ಕಪ್ಪು-ಬಸಿ ಇಂಗ್ಲೆಂಡಿನದೋ ಜಪಾನಿನದೋ ಗ್ವಾಲಿಯರ್ ಪಾಟರೀಸ್, ಬೆಂಗಾಲ್ ಪಾಟರೀಸ್‌ನಂಥ ಭಾರತೀಯ ಕಾರ್ಖಾನೆಯದೋ ಆಗಿರುವ ಸಂಭವವೇ ಹೆಚ್ಚು. ಅದು ಚೀನಾದ್ದಲ್ಲ ಎಂದು ತಿಳಿದಾಗ ನಿರಾಶೆಯಾಗಬೇಕಿಲ್ಲ. ನಮ್ಮ ಸೀಮೆಯ ಚಹಾ ಚರಿತ್ರೆಗೆ ಮಿಂಗ್ ಬಟ್ಟಲಿಗಿಂತ ಅದೇ ಹತ್ತಿರದ ಸಾಕ್ಷಿ. ಹಿಡಿಕೆಯಿಲ್ಲದ ಬಟ್ಟಲಿನಲ್ಲಿ ಚಹಾ ಕುಡಿಯುವ ಜೀವಂತ ಪದ್ಧತಿಯನ್ನು ಕರ್ನಾಟಕದಲ್ಲೇ ಕಾಣಬೇಕೆಂದರೆ ಮುಂಡಗೋಡ, ಬೈಲಕುಪ್ಪೆಯ ಟಿಬೆಟನ್ ನೆಲೆಗಳಿವೆ. 1960ರ ದಶಕದಲ್ಲಿ ನೆಲೆಗೊಂಡ ಆ ಸಮುದಾಯ ಬೆಣ್ಣೆ, ಉಪ್ಪು ಬೆರೆಸಿ ಕಡೆದ ಚಹಾವನ್ನು ಬಟ್ಟಲಿನಲ್ಲಿ ಕುಡಿಯುತ್ತದೆ. ಬಟ್ಟಲಿಗೆ ಮುಚ್ಚಳ, ಅಡಿಗೆ ಪೀಠ ಇರುವ ಹಳೆಯ ಕ್ರಮವೂ ಅವರಲ್ಲಿದೆ. ಅಲ್ಲಿಯೂ ಪಾತ್ರೆಯನ್ನು ನಿರ್ಧರಿಸಿದ್ದು ಚಹಾದ ಬಗೆಯೇ.

ಮನೆಯ ಪಾತ್ರೆಯನ್ನು ನೋಡುವ ಕ್ರಮ

ಪರೀಕ್ಷೆಯನ್ನು ತಳದಿಂದ ಆರಂಭಿಸಿ. ಪಾತ್ರೆಯನ್ನು ಮೆತ್ತನೆಯ ಬಟ್ಟೆಯ ಮೇಲೆ ಬೋರಲು ಹಾಕಿ ಅಡಿಯ ಬರಹ ಓದಿ. ಇಂಗ್ಲಿಷಿನಲ್ಲಿ 'ಚೈನಾ' ಎಂದಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು. ಆಮದು ವಸ್ತುಗಳ ಮೇಲೆ ದೇಶದ ಹೆಸರು ಇರಬೇಕೆಂದು ಅಮೆರಿಕ 1890ರ ಸುಂಕ ಕಾಯ್ದೆಯಲ್ಲಿ ವಿಧಿಸಿದ ಮೇಲೆ ಈ ಪದ್ಧತಿ ಹಬ್ಬಿತು. 'ಮೇಡ್ ಇನ್ ಚೈನಾ' ಎಂದಿದ್ದರೆ 20ನೇ ಶತಮಾನದ್ದೆಂದು ತಿಳಿಯಿರಿ. 'ನಿಪ್ಪಾನ್' ಎಂದಿದ್ದರೆ ಜಪಾನಿನದು, 1891ರಿಂದ 1921ರ ನಡುವಿನದಾಗಿರುವುದು ಹೆಚ್ಚು. 'ಮೇಡ್ ಇನ್ ಆಕ್ಯುಪೈಡ್ ಜಪಾನ್' ಎಂದಿದ್ದರೆ ಎರಡನೇ ಮಹಾಯುದ್ಧದ ಬಳಿಕ 1952ರವರೆಗಿನದು. 'ಬೋನ್ ಚೈನಾ' ಎಂದಿದ್ದರೆ ಅದು ಪ್ರಾಚೀನ ಚೀನೀ ಪಾತ್ರೆ ಅಲ್ಲವೇ ಅಲ್ಲ; ಮೂಳೆಯ ಬೂದಿ ಬೆರೆಸುವ ಆ ವಿಧಾನ 18ನೇ ಶತಮಾನದ ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆಗೊಂಡದ್ದು. ಬರಹವೇ ಇಲ್ಲದಿದ್ದರೆ ಹಳೆಯದೆಂದು ಹಿಗ್ಗಬೇಡಿ. ಕಾಗದದ ಚೀಟಿ ಅಂಟಿಸಿ ಮಾರಿದ ಹೊಸ ಪಾತ್ರೆಗಳೂ ಬೇಕಾದಷ್ಟಿವೆ.

ಚೀನೀ ಅಕ್ಷರಗಳಲ್ಲಿ ಸಾಮ್ರಾಟನ ಹೆಸರಿದ್ದರೂ ಅದು ಕಾಲದ ಪುರಾವೆಯಾಗುವುದಿಲ್ಲ. 1465ರಿಂದ 1487ರವರೆಗೆ ಆಳಿದ ಚೆಂಗ್‌ಹುವಾ ಸಾಮ್ರಾಟನ ಮುದ್ರೆಯನ್ನು ಎರಡು ಶತಮಾನಗಳ ಬಳಿಕ ಕಾಂಗ್‌ಶಿ ಸಾಮ್ರಾಟನ ಕಾಲದ ಕುಶಲಕರ್ಮಿಗಳು ಧಾರಾಳವಾಗಿ ಬರೆದರು. ಹಲವೆಡೆ ಅದು ಹಿರಿಯರಿಗೆ ಸಲ್ಲಿಸುವ ಗೌರವವಾಗಿತ್ತು. ಇಂದಿನ ನಕಲಿಗಾರರಿಗೆ ಅದು ವ್ಯಾಪಾರ. ಮುದ್ರೆಗಿಂತ ತಳದ ಅಂಚು ಹೆಚ್ಚು ನಂಬಿಕಸ್ಥ. ಹಳೆಯ ಪಾತ್ರೆಯ ತಳದಂಚಿನಲ್ಲಿ ಹೊಳಪಿಲ್ಲದ ಬರಿಮಣ್ಣು ಕಾಣುತ್ತದೆ, ಆವಿಗೆಯ ಮರಳು ಅಂಟಿರಬಹುದು, ಸವೆತ ಒಂದೇ ಸಮನಾಗಿರುವುದಿಲ್ಲ. ಮರಳುಕಾಗದದಿಂದ ಉಜ್ಜಿದ ಗೀರುಗಳು ಒಂದೇ ದಿಕ್ಕಿಗೆ ಸಾಗುತ್ತವೆ. ಭೂತಗನ್ನಡಿಯಲ್ಲಿ ಚಿತ್ರವನ್ನು ನೋಡಿ. ಸಣ್ಣ ಸಣ್ಣ ಚುಕ್ಕೆಗಳ ಜಾಲ ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಚಿತ್ರ. ಕೈಯಿಂದ ಬರೆದ ನೀಲಿಯಲ್ಲಿ ಕುಂಚದ ಒತ್ತಡ ಏರಿಳಿಯುತ್ತದೆ. ಬೆರಳಿನಿಂದ ಬಡಿದಾಗ ಠಣ್ ಎಂದರೆ ಸೀಳಿಲ್ಲ ಎಂದಷ್ಟೇ ಅರ್ಥ. ಆ ನಾದಕ್ಕೂ ವಯಸ್ಸಿಗೂ ಸಂಬಂಧವಿಲ್ಲ. ಒಡಕನ್ನು ಲೋಹದ ಕೊಂಡಿಗಳಿಂದ ಹೊಲಿದಿದ್ದರೆ ಅದನ್ನು ದೋಷವೆಂದು ಕಿತ್ತುಹಾಕಬೇಡಿ. ಬಲವಾದ ಅಂಟುಗಳು ಬರುವ ಮೊದಲಿನ ದುರಸ್ತಿಯ ಕ್ರಮ ಅದು, ಯಾರೋ ಆ ಪಾತ್ರೆಯನ್ನು ಎಸೆಯಲೊಲ್ಲದೆ ಉಳಿಸಿಕೊಂಡಿದ್ದಕ್ಕೆ ಗುರುತು.

ಕೊನೆಗೆ ಆಕಾರವನ್ನು ಬಳಕೆಗೆ ಹೋಲಿಸಿ. ಹಿಡಿಕೆಯಿರುವ ಕಪ್ಪು ಯುರೋಪಿನ ಪದ್ಧತಿಯದು ಅಥವಾ ಆ ಮಾರುಕಟ್ಟೆಗೆ ಚೀನಾದಲ್ಲೇ ಮಾಡಿದ್ದು. ಅಂಗೈಯಗಲದ ಬಟ್ಟಲು ಅನ್ನದ ಬಟ್ಟಲಾಗಿರಬಹುದು. ತೀರಾ ಪುಟ್ಟದು ಮದ್ಯದ ಬಟ್ಟಲಾಗಿರಬಹುದು. ಅಗಲ ಬಾಯಿಯ ಕಂದು ಭರಣಿ ಸರಕು ತುಂಬಿ ಬಂದ ಪಾತ್ರೆಯಾಗಿರಬಹುದು. ಇವುಗಳ ಕಾಲವನ್ನು ಖಚಿತಪಡಿಸಬೇಕಾದ ಸಂದರ್ಭ ಬಂದರೆ ತಜ್ಞರ ಕಣ್ಣು, ಅಗತ್ಯವಿದ್ದರೆ ಪ್ರಯೋಗಾಲಯದ ಥರ್ಮೊಲ್ಯುಮಿನೆಸೆನ್ಸ್ ಪರೀಕ್ಷೆ ಬೇಕು. ಪಾತ್ರೆ ಕೊನೆಯ ಬಾರಿ ಹೆಚ್ಚಿನ ಶಾಖಕ್ಕೆ ಸಿಕ್ಕಿ ಎಷ್ಟು ಕಾಲವಾಯಿತೆಂದು ಆ ಪರೀಕ್ಷೆ ಅಂದಾಜಿಸುತ್ತದೆ. ಅದಕ್ಕೆ ಪಾತ್ರೆಯಿಂದಲೇ ಸ್ವಲ್ಪ ಪುಡಿ ಕೊರೆದು ತೆಗೆಯಬೇಕಾಗುತ್ತದೆ ಎಂಬುದೂ ನೆನಪಿರಲಿ.

ಕೊಳ್ಳುವ, ಮಾರುವ, ಹೆಕ್ಕುವ ಮುನ್ನ

ಭಾರತದ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ 1972ರದು, ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಇದರ ಪ್ರಕಾರ 100 ವರ್ಷ ದಾಟಿದ ಕಲಾವಸ್ತು, ಕರಕುಶಲ ವಸ್ತುಗಳು ಪುರಾವಸ್ತುಗಳು. ಪರವಾನಗಿ ಇಲ್ಲದೆ ಇವುಗಳ ವ್ಯಾಪಾರ ನಡೆಸುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಕ್ಕಳಿಗೆ ಅಜ್ಜಿಯ ಹಳೆಯ ಬಟ್ಟಲು ಕಳಿಸಲು ಹೊರಟವರು ಮೊದಲು ಪುರಾತತ್ವ ಇಲಾಖೆಯಿಂದ ಅದು ಪುರಾವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆಯುವುದು ಕ್ಷೇಮ. ಚೀನಾ ಕೂಡ 1911ಕ್ಕಿಂತ ಹಿಂದಿನ ಇಂಥ ವಸ್ತುಗಳು ಹೊರಹೋಗದಂತೆ ಕಟ್ಟುಪಾಡು ಹಾಕಿದೆ. ಆದ್ದರಿಂದ ಚೀನಾದಿಂದ ನೇರ ತರಿಸಿದ ಮುನ್ನೂರು ವರ್ಷದ ಟೀಪಾಟ್ ಎಂದು ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಮಾರುವವರ ಮಾತಿನಲ್ಲಿ ವಯಸ್ಸಾದರೂ ಸುಳ್ಳು, ತಂದ ದಾರಿಯಾದರೂ ಅಕ್ರಮ. ಯಾರಿಂದ ಯಾರಿಗೆ ಬಂತು ಎಂಬ ದಾಖಲೆಯಿಲ್ಲದ ಪಾತ್ರೆಗೆ ಪ್ರಾಚೀನ ಎಂಬ ಬೆಲೆ ಕೊಡಬೇಡಿ. ಚಂದ ಕಂಡರೆ ಹೊಸ ಪಾತ್ರೆಯ ಬೆಲೆಗೆ ಕೊಳ್ಳಿ.

ಆನೆಗೊಂದಿ ಸುತ್ತಿನ ಹೊಲ, ಬಾಳೆತೋಟ, ಮನೆಯ ಪಾಯಗಳಲ್ಲಿ ಸಿಗುವ ಚೂರುಗಳ ವಿಷಯ ಇನ್ನೂ ಗಂಭೀರ. ಈ ಪ್ರದೇಶ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯ ನೆಲೆಗೆ ಅಂಟಿಕೊಂಡಿದೆ. ಬೆರಳುಗಾತ್ರದ ಪಿಂಗಾಣಿ ಚೂರಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಆದರೆ ಚೀನೀ ಪಿಂಗಾಣಿಯ ಶೈಲಿಗಳ ಕಾಲ ಸಾಕಷ್ಟು ನಿಖರವಾಗಿ ತಿಳಿದಿರುವುದರಿಂದ, ಅದು ಬಿದ್ದಿರುವ ಮಣ್ಣಿನ ಪದರದ ಕಾಲವನ್ನು ಹೇಳುವ ಶಕ್ತಿ ಆ ಚೂರಿಗಿದೆ. ಹೆಕ್ಕಿ ಮನೆಗೆ ತಂದ ಕೂಡಲೇ ಆ ಶಕ್ತಿ ಹೋಗುತ್ತದೆ. ಇದ್ದಲ್ಲೇ ಬಿಟ್ಟು, ಅಳತೆಗೆ ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೊ ತೆಗೆದು, ತಹಶೀಲ್ದಾರ್ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ನೆಲದಡಿ ಸಿಕ್ಕ ಬೆಲೆಬಾಳುವ ವಸ್ತುವನ್ನು ಅಧಿಕಾರಿಗಳಿಗೆ ತಿಳಿಸುವುದು ಕಾನೂನಿನ ಕರ್ತವ್ಯವೂ ಹೌದು. ಕಮಲಾಪುರ, ವಿಜಯಪುರ, ಹೈದರಾಬಾದಿನ ವಸ್ತು ಸಂಗ್ರಹಾಲಯಗಳನ್ನು ನೋಡಲು ಹೊರಡುವವರು ಶುಕ್ರವಾರ ಬಿಟ್ಟು ಬೇರೆ ದಿನ ಆರಿಸಿಕೊಳ್ಳಲಿ. ಮೂರಕ್ಕೂ ಅಂದು ರಜೆ.

ಬಳಸಬೇಕೇ, ಬರೀ ನೋಡಬೇಕೇ?

ಹೊದಿಕೆಯ ಕೆಳಗೆ ಕೋಬಾಲ್ಟ್ ನೀಲಿಯಲ್ಲಿ ಬರೆದ, ಹೆಚ್ಚಿನ ಶಾಖದಲ್ಲಿ ಬೆಂದ ಗಟ್ಟಿ ಪಿಂಗಾಣಿ ಸೀಳಿಲ್ಲದಿದ್ದರೆ ಆಗೊಮ್ಮೆ ಈಗೊಮ್ಮೆ ಬಳಸಲು ಯೋಗ್ಯ. ಹೊದಿಕೆಯ ಮೇಲೆ ಕೆಂಪು, ಹಳದಿ, ಹಸಿರು ಬಣ್ಣ ಬರೆದು ಕಡಿಮೆ ಶಾಖದಲ್ಲಿ ಎರಡನೇ ಸಲ ಸುಟ್ಟ ಪಾತ್ರೆಗಳ ಮಾತು ಬೇರೆ. ಆ ಬಣ್ಣಗಳಲ್ಲಿ ಸೀಸ ಇರುತ್ತದೆ, ಹುಳಿ ತಾಕಿದರೆ ಅದು ಕರಗಿ ಹೊರಬರುತ್ತದೆ. ನಿಂಬೆಚಹಾ, ಮಜ್ಜಿಗೆ, ಉಪ್ಪಿನಕಾಯಿಯನ್ನು ಅಂಥವುಗಳಲ್ಲಿ ಎಂದಿಗೂ ಇಡಬೇಡಿ, ಮಕ್ಕಳಿಗಂತೂ ಅವುಗಳಲ್ಲಿ ಏನನ್ನೂ ಕೊಡಬೇಡಿ. ಕುದಿಯುವ ಚಹಾ ಒಮ್ಮೆಲೇ ಸುರಿದರೆ ಹಳೆಯ ಪಾತ್ರೆ ಸೀಳಬಹುದು. ಬೆಚ್ಚಗಿನ ನೀರಿನಿಂದ ಮೊದಲು ಹದ ಮಾಡಿಕೊಳ್ಳಿ. ಚಿನ್ನದ ಅಂಚಿನದನ್ನು ಮೈಕ್ರೊವೇವ್‌ಗೆ ಇಡಬೇಡಿ, ಬೂದಿ ಅಥವಾ ತಂತಿಯ ಉಜ್ಜುಗ ಹಾಕಿ ತಿಕ್ಕಬೇಡಿ. ಯಿಶಿಂಗ್ ಟೀಪಾಟ್ ಇದ್ದರೆ ಸೋಪು ಮುಟ್ಟಿಸದೆ ಬಿಸಿನೀರಿನಿಂದ ತೊಳೆದು, ಮುಚ್ಚಳ ತೆರೆದು ಒಣಗಿಸಿ. ಹಾಲು ಹಾಕದ ಎಲೆಚಹಾ ಒಂದೇ ಬಗೆಯದನ್ನು ಅದಕ್ಕೆ ಮೀಸಲಿಡಿ. ಕಪ್ಪುಗಳನ್ನು ಒಂದರೊಳಗೊಂದು ಪೇರಿಸದೆ, ಹಿಡಿಕೆಯಿಂದ ಮೊಳೆಗೆ ತೂಗುಹಾಕದೆ, ನಡುವೆ ಬಟ್ಟೆಯಿಟ್ಟು ಕೆಳಗಿನ ಹಲಗೆಯಲ್ಲಿಡಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಪಾತ್ರೆ ಯಾವುದಕ್ಕೆ ಹುಟ್ಟಿದರೇನು, ನಾವು ಚಹಾ ಕುಡಿದರೆ ಅದು ಚಹಾ ಪಾತ್ರೆಯೇ ಅಲ್ಲವೇ? 2014ರ ಏಪ್ರಿಲ್‌ನಲ್ಲಿ ಹಾಂಕಾಂಗ್‌ನ ಸದಬೀಸ್ ಹರಾಜಿನಲ್ಲಿ ಶಾಂಘೈನ ಸಂಗ್ರಾಹಕ ಲಿಯು ಯಿಚಿಯಾನ್ ಚೆಂಗ್‌ಹುವಾ ಕಾಲದ ಕೋಳಿಚಿತ್ರದ ಬಟ್ಟಲನ್ನು 28.12 ಕೋಟಿ ಹಾಂಕಾಂಗ್ ಡಾಲರ್‌ಗೆ ಕೊಂಡರು. ಬಳಿಕ ಅದರಲ್ಲಿ ಚಹಾ ಕುಡಿದ ಚಿತ್ರ ಜಗತ್ತೆಲ್ಲ ಸುತ್ತಿತು. ಆ ಬಟ್ಟಲು ಹುಟ್ಟಿದ್ದು ಮದ್ಯಕ್ಕೆ. ಅವರು ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಪಾತ್ರೆಗಳು ಕೈಯಿಂದ ಕೈಗೆ ದಾಟುವಾಗ ಕೆಲಸ ಬದಲಿಸುವುದು ಸಹಜ. ವಿಜಯನಗರಕ್ಕೆ ಬಂದ ಬಟ್ಟಲಿಗೂ ಸಾಲಾರ್ ಜಂಗ್ ಸಂಗ್ರಹ ಸೇರಿದ ತಟ್ಟೆಗೂ ಹಾಗೆಯೇ ಆಯಿತು. ಆದರೆ ಬಳಕೆ ಬದಲಾಗುತ್ತದೆ ಎಂಬ ಕಾರಣಕ್ಕೇ ಪ್ರತಿಯೊಂದು ಬಳಕೆಗೂ ಬೇರೆ ಬೇರೆ ಪುರಾವೆ ಬೇಕು. 2014ರಲ್ಲಿ ಒಬ್ಬರು ಚಹಾ ಕುಡಿದರೆಂದು 15ನೇ ಶತಮಾನದ ಬಳಕೆ ಬದಲಾಗುವುದಿಲ್ಲ.

ಈ ಸೀಮೆಯ ಕುಟುಂಬಗಳು ಮಾಡಬಹುದಾದ ಕೆಲಸ ಇಲ್ಲಿದೆ. ಮನೆಯ ಹಳೆಯ ಪಾತ್ರೆಗೆ ಒಂದು ಚೀಟಿ ಬರೆಯಿರಿ. ಯಾರು ತಂದರು, ಯಾವ ಪೇಟೆಯಿಂದ, ಸುಮಾರು ಯಾವ ವರ್ಷ, ಯಾವ ಸಂದರ್ಭಕ್ಕೆ ಹೊರತೆಗೆಯುತ್ತಿದ್ದರು, ಅದರಲ್ಲಿ ಚಹಾ ಕೊಡುತ್ತಿದ್ದರೋ ಪಾಯಸವನ್ನೋ, ಯಾರಿಗೆ ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ ಎಂಬುದನ್ನೂ ಬರೆಯಿರಿ. ಹೋಟೆಲುಗಳಲ್ಲಿ ಜಾತಿ ನೋಡಿ ಬೇರೆ ಕಪ್ಪು ಇಡುತ್ತಿದ್ದ ಅನ್ಯಾಯವೂ ನಮ್ಮ ಚಹಾ ಪಾತ್ರೆಯ ಚರಿತ್ರೆಯೇ, ಅದನ್ನು ಮುಚ್ಚಿಟ್ಟು ಹೂವಿನ ಚಿತ್ರವನ್ನಷ್ಟೇ ಮೆಚ್ಚುವುದು ಸರಿಯಲ್ಲ. ಚೀನಾದ ಪಾತ್ರೆಗಳ ಬಗ್ಗೆ ನಾವು ಇಷ್ಟು ತಿಳಿದಿರುವುದು ಲು ಯು, ತ್ಸಾಯ್ ಶಿಯಾಂಗ್ ತಮ್ಮ ಕಾಲದ ಬಳಕೆಯನ್ನು ಬರೆದಿಟ್ಟದ್ದರಿಂದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಪ್ಪು-ಬಸಿಗೆ ಅಂಥ ಬರಹ ಇನ್ನೂ ಸಾಕಷ್ಟಿಲ್ಲ. ಬಳಸಿದ ಹಿರಿಯರು ಇನ್ನೂ ನಮ್ಮ ನಡುವೆ ಇರುವುದರಿಂದ ಕೇಳಿ ಬರೆದುಕೊಳ್ಳಲು ಇದೇ ತಕ್ಕ ಸಮಯ.